ಹೊದಿಕಿ ಮ್ಯಾಲಿನ ಬಿಳಿ ಕಮಲ

ನಮ್ಮತ್ತಿ ಜಿನಮತಿಯವರ ನೋಂಪಿ ಯಾವಾಗ ಮುಗದೀತು ಅಂತ ಅವರಕಿಂತ ಹೆಚ್ಚು ಕಾದಾಕಿ ನಾನು. ಸುಳ್ಳ್ಯಾಕ ಹೇಳಲಿ? ಐದು ವರ್ಷದ ವ್ರತ ಅದು. ಅಷ್ಟಮಿಗೊಂದು, ಚತುರ್ದಶಿಗೊಂದು ಉಪಾಸ, ಮರುದಿನ ಪಾರಣಿ ಊಟ. ಉಪಾಸ ಅವರದು, ದುಡಿತ ನಂದು. ಬಸದಿ ಬಾವಿಯಿಂದ ನೀರು ಸೇದಿ ತರಬೇಕು, ಅರಿವಿ ಹಿಡದು ಸೋಸಬೇಕು, ಮಡಿ ಉಟಗೊಂಡು ಒಲಿ ಮುಂದ ನಿಂದರಬೇಕು. ನಳದ ನೀರು ನಡಿಯೂದಿಲ್ಲ, ಮಿಕ್ಸರ್ ನಡಿಯೂದಿಲ್ಲ, ನಿನ್ನೆ ಬೀಸಿದ ಹಿಟ್ಟು ನಡಿಯೂದಿಲ್ಲ. ಉಳ್ಳಾಗಡ್ಡಿ, ಬಟಾಟಿ ಅಂತೂ ನಮ್ಮ ಹೊಸ್ತಿಲ ಎಂದೂ ದಾಟಿಲ್ಲ ಬಿಡ್ರಿ. ಮ್ಯಾಲ ದಿನಾ ಹೊತ್ತು ಮುಳುಗೂದರಾಗ ಎಲ್ಲಾರದೂ ಊಟ ಮುಗೀಬೇಕು. ಹೊತ್ತು ಮುಳಗಿದ ಮ್ಯಾಲ ನಮ್ಮನ್ಯಾಗ ಯಾರೂ ಬಾಯಿಗೆ ಏನೂ ಹಾಕೂದಿಲ್ಲ.

ನನ್ನ ಹೆಸರು ಪದ್ಮಾವತಿ. ತವರು ಖಾನಾಪುರ ತಾಲೂಕಿನ ಬೀಡಿ. ಖಾಸಬಾಗದ ಈ ಮನಿಗೆ ಸೊಸಿಯಾಗಿ ಬಂದು ಇಪ್ಪತ್ತರ ಮ್ಯಾಲ ವರ್ಷ ಆತು. ನಮ್ಮವರು ಅಜಿತಕುಮಾರ, ಪ್ಯಾಟ್ಯಾಗ ಒಂದು ಅರಿವಿ ಅಂಗಡ್ಯಾಗ ಕೆಲಸ. ಮಗಳು ಬ್ರಾಹ್ಮಿ ಬಿ.ಎಸ್ಸಿ. ಓದಾಕ ಹತ್ಯಾಳ. ನಾಕ ಮಂದಿ ಅಷ್ಟ. ಆದರೂ ಮುಂಜಾನೆ ಕಟ್ಟಿದ ಸೆರಗು ಸಂಜಿತನಕ ಬಿಚ್ಚಾಕ ಪುರಸೊತ್ತಿಲ್ಲ.

ಮಳಿಗಾಲದಾಗ ನಮ್ಮಕ್ಕನ ಮಗಳ ಮದಿವಿಗೆ ನಾ ಒಂದು ತೋರಣ ಮಾಡಿ ಕೊಟ್ಟಿದ್ದೆ. ಎಳಿ ಎಣಿಸಿ ಹೊಲಿಯಾಕ ಬರೂವಂಥ ಮ್ಯಾಟಿ ಬಟ್ಟಿ ಮ್ಯಾಲ ಕಸೂತಿ, ಅದರ ಮ್ಯಾಲ ಹಿತ್ತಾಳಿ ನವಿಲು, ಗಿಣಿ, ಸಣ್ಣ ಗೆಜ್ಜಿ. ಈ ಅಲಂಕಾರದ ತುಣುಕಿಗೆ ನಾವು ಪದಕ ಅಂತೇವಿ. ಖಾನಾಪುರದಾಗ ಹುಡಿಗ್ಯಾರಿಗೆ ಹೊಲಿಗಿ ಕಲಸೂ ಕೇಂದ್ರ ನಡಸೂ ಸಪ್ನಾ ಮೇಡಂ ಆ ಮದಿವಿಗೆ ಬಂದಿದ್ರು. ತೋರಣ ತಿರುಗಿಸಿ ತಿರುಗಿಸಿ ನೋಡಿದ್ರು.

"ಕಸೂತಿ ನಮ್ಮ ಹುಡಿಗ್ಯಾರೂ ಹಾಕತಾರ್ರಿ. ಈ ಪದಕ ಹಚ್ಚೂದಷ್ಟ ಬರೂದಿಲ್ಲ. ನಾಕ ದಿನಕ್ಕ ಉದುರತಾವ. ನೀವು ಬಂದು ಕಲಸ್ತೀರೇನು? ಪಗಾರ ಕೊಡತೇವಿ," ಅಂದ್ರು.

ಪಗಾರ! ನನ್ನ ಹೆಸರಿನ ಮುಂದ ಆ ಶಬ್ದ ಯಾರೂ ಹಚ್ಚಿರಲಿಲ್ಲ. ಆವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ.

ಮರುದಿನ ಊಟಕ್ಕ ಕುಂತಾಗ ವಿಷಯ ತಗದೆ. ನಮ್ಮವರು ರೊಟ್ಟಿ ಮುರಕೋತ, "ದಿನಾ ಖಾನಾಪುರಕ್ಕ ಹೋಗಿ ಬರೂದು ಅಂದರ ಹೆಂಗ?" ಅಂದ್ರು.

"ಬಸ್ಸಿನಾಗ. ಇನ್ನೇನು ನಡಕೋತ ಹೋಗ್ತಾಳನಪಾ?" ಅಂದ್ಲು ಬ್ರಾಹ್ಮಿ.

ಅತ್ತಿ ಹೆಸರಬ್ಯಾಳಿ ಸುರದ ಕುಡದು ಬಟ್ಟಲಾ ಕೆಳಗಿಟ್ರು. "ಕಾರ್ತಿಕದಾಗ ನನ್ನ ಉದ್ಯಾಪನಿ ಐತಿ. ನೋಂಪಿ ಮುಗಿಯೂತನಕ ಮನಿ ಬಿಡಬ್ಯಾಡ. ಆಮ್ಯಾಲ ಖಾನಾಪುರಕ್ಕರ ಹೋಗು, ಕಾಶಿಗರ ಹೋಗು, ನಾ ಕೇಳೂದಿಲ್ಲ," ಅಂದ್ರು.

ಇಷ್ಟ ಸಾಕಾತು ನನಗ. ಸಪ್ನಾ ಮೇಡಂಗ ಫೋನ್ ಮಾಡಿ, ಡಿಸೆಂಬರಿಂದ ಬರತೇನಿ ಅಂದೆ. ಅವರು, ಅದಕ್ಕಿಂತ ಮುಂದ ಹೋದರ ಬ್ಯಾರೆಯವರನ್ನ ತಗೋಬೇಕಾಕೇತಿ ನೋಡ್ರಿ, ಅಂತ ಮೊದಲ ಹೇಳಿಟ್ರು.

ಉದ್ಯಾಪನಿ ಅಂದರ ವ್ರತ ಮುಗಸೂ ಪೂಜಿ. ಆವತ್ತ ಬಸದಿಗೆ ಏನರ ಕೊಡಬೇಕು. ಅತ್ತಿ ಮನಸಿನ್ಯಾಗ ಶಾಸ್ತ್ರದ ಗ್ರಂಥಕ್ಕ ಒಂದು ಹೊದಿಕಿ ಕೊಡೂದು ಇತ್ತು. "ನನ್ನ ಕಣ್ಣು ಹೋಗ್ಯಾವ, ಕೈ ನಡಗತಾವ. ನೀ ಮಾಡು, ನಾ ಬಾಜು ಕುಂದರತೇನಿ," ಅಂದ್ರು. ನಾ ಹ್ಞೂಂ ಅಂದೆ. ಮಧ್ಯಾಹ್ನ ಭಾಂಡೆ ತಿಕ್ಕಿ ಮುಗಸಿ, ಕಿಡಕಿ ಬೆಳಕಿಗೆ ಕುಂತು ಹತ್ತಿ ದಾರದಾಗ ಕಳಸ ಹಾಕಿದೆ, ಬಳ್ಳಿ ಹಾಕಿದೆ. ರೇಶಿಮಿ ನಮ್ಮನ್ಯಾಗ ಮುಟ್ಟೂದಿಲ್ಲ, ಹುಳ ಸಾಯತಾವ ಅಂತ. ಚರ್ಮ ಇಲ್ಲ, ಮುತ್ತಿಲ್ಲ, ಶಂಖ ಇಲ್ಲ, ಕವಡಿ ಇಲ್ಲ. ಜೀವ ಇದ್ದದ್ದರ ಮೈಯಿಂದ ಬಂದದ್ದು ಯಾವುದೂ ದೇವರ ಕಡೆ ಸುಳಿಯಂಗಿಲ್ಲ. ನಾ ಈ ಮನಿಗೆ ಬಂದಾಗ ತವರಿಂದ ತಂದ ಮುತ್ತಿನ ಬೆಂಡವಾಲಿನೂ ಪೆಟಗ್ಯಾಗ ಹೋದವು.

ಕಸೂತಿ ಮುಗದ ಮ್ಯಾಲ ಅತ್ತಿ ಬಟ್ಟಿ ಸವರಿ ನೋಡಿ, "ಅಂಚಿಗೆ ಬಿಳಿ ಕಮಲ ಹಚ್ಚು. ಬೆಳ್ಳಗ ಇದ್ದರ ನನ್ನ ಕಣ್ಣಿಗೂ ಒಂದೀಟ ಕಾಣತೇತಿ," ಅಂದ್ರು.

ಖಡೇ ಬಜಾರದಾಗ ಹೊಲಿಗಿ ಸಾಮಾನು ಮಾರೂ ಪ್ರಸಾದನ ಅಂಗಡ್ಯಾಗ ಬಿಳಿ ಕಮಲದ ಪದಕ ಸಿಕ್ಕವು. ಬೆರಳಿನ ಉಗರಷ್ಟ ಸಣ್ಣವು, ನುಣ್ಣಗ, ಬೆಳಕಿಗೆ ಹಿಡದರ ಒಂದೀಟ ಗುಲಾಬಿ ಬಣ್ಣ ಆಡತಿತ್ತು. ಪ್ಲಾಸ್ಟಿಕ್ ಎಷ್ಟ ಚಂದ ಮಾಡತಾರ ಈಗ, ಅಂದಕೊಂಡು ತಗೊಂಡ ಬಂದೆ. ಎರಡೆಳಿ ದಾರ ಹಾಕಿ, ಬಟ್ಟಿ ಹಿಂದ ಒಂದು ತುಂಡು ಅಸ್ತರ ಕೊಟ್ಟು, ಮಡಚೂ ಜಾಗಾ ಬಿಟ್ಟು, ಒಂದೊಂದ ಹಚ್ಚಿದೆ. ಜಗ್ಗಿದರ ಬಟ್ಟಿ ಸುಕ್ಕಾಕೇತಿ, ಸಡ್ಲ ಬಿಟ್ಟರ ಜೋತ ಬೀಳತೇತಿ. ಅತ್ತಿ ಬಾಜು ಕುಂತು ಜಪಾ ಮಾಡಕೋತ, ನಡುವ ನಡುವ, "ಎಲ್ಲಿಗೆ ಬಂತ?" ಅಂತ ಕೇಳತಿದ್ರು. ಖರೇ ಹೇಳಬೇಕಂದರ ಆ ದಿನಗೋಳು ಚಲೋ ಇದ್ದವು. ನಮ್ಮಿಬ್ಬರಿಗೂ ಬೈದಾಡಾಕ ವಿಷಯ ಇರಲಿಲ್ಲ.

ಅಷ್ಟಮಿ ದಿನ ಅಳತಿ ನೋಡೂಣು ಅಂತ ಅತ್ತಿ ಹೊದಿಕಿ ಗ್ರಂಥಕ್ಕ ಹೊದಿಸಿದ್ರು. ಅದರ ಮುಂದ ಕುಂತ ದಿನಾ ಪೂರ್ತಿ ಉಪಾಸ ಮಾಡಿ ಜಪಾ ಮಾಡಿದ್ರು. ಮರುದಿನ ಎರಡು ಕಮಲ ಕಡಿಮಿ ಬಿದ್ದಾವ ಅಂತ ನಾ ಮತ್ತ ಬಜಾರಕ್ಕ ಹೋದೆ.

"ಅಕ್ಕಾರ, ಆ ಮಾಲು ಮುಗೀತ್ರಿ," ಅಂದ ಪ್ರಸಾದ. "ಗೋವಾದಿಂದ ತರಸಬೇಕು. ಖರೇ ಸಮುದ್ರದ ಚಿಪ್ಪು ನೋಡ್ರಿ ಅದು. ನಕಲಿ ಮಾಲು ನಾ ಇಡೂದ ಇಲ್ಲ."

"ಏನಂದಿ?"

"ಚಿಪ್ಪರಿ! ಪ್ಲಾಸ್ಟಿಕ್ ಅಂದಕೊಂಡ್ರೇನು? ಛೇ ಛೇ!" ಅಂತ ಅವನು ಹೆಮ್ಮಿಲೆ ನಕ್ಕ.

ಪ್ಲಾಸ್ಟಿಕ್ ಆಗಿದ್ದರ ಅವನ ಕಾಲಿಗೆ ಬೀಳತಿದ್ದೆ. ಅವನ ತಪ್ಪೇನೂ ಇಲ್ಲ, ನಾ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅಲ್ಲೆ ಅಂಗಡಿ ಕಟ್ಟಿ ಮ್ಯಾಲ ಕುಂತ ಬಿಟ್ಟೆ. ಜೀವ ಇದ್ದ ಹುಳದ ಚಿಪ್ಪನ್ನ ಶಾಸ್ತ್ರದ ಮ್ಯಾಲ ಹೊದಿಸಿ, ಅದರ ಮುಂದ ಅತ್ತಿ ಉಪಾಸ ಮಾಡ್ಯಾರ. ನಮ್ಮ ಮನಿ ಲೆಕ್ಕದಾಗ ನೋಂಪಿ ಮುರೀತು. ಮುರದರ ಮೊದಲಿಂದ ಹಿಡೀಬೇಕು, ಮತ್ತ ಐದು ವರ್ಷ. ಹ್ವಾದ ವರ್ಷ ಅತ್ತಿ ಉಪಾಸದಾಗ ತಲಿ ತಿರುಗಿ ಬಿದ್ದಾಗ ಡಾಕ್ಟರ್ ಕಡ್ಡಿ ಮುರದಂಗ ಹೇಳಿದ್ರು, ಇದೊಂದ ಮುಗಸ್ರಿ, ಇನ್ನ ಮ್ಯಾಲ ಉಪಾಸ ಸಾಕು ಅಂತ. ಮೊದಲ ಅತ್ತಿ ಜೀವದ ಚಿಂತಿ ಬಂತು. ಅದರ ಹಿಂದಿಂದನ ಖಾನಾಪುರದ ಚಿಂತಿ ಬಂತು. ಯಾವುದು ಹೆಚ್ಚಿತ್ತು ಅಂತ ಕೇಳಬ್ಯಾಡ್ರಿ.

ಮನಿಗೆ ಬಂದು ನಮ್ಮವರ ಮುಂದ ಹೇಳಿದೆ.

"ಬಾಯಿ ಮುಚಗೊಂಡು ಬಿಚ್ಚಿ ಒಗಿ," ಅಂದ್ರು. "ಅವ್ವಗ ಕಾಣತೇತೇನು? ಹಿತ್ತಾಳಿವು ಹಚ್ಚು."

"ಕಣ್ಣಿಗೆ ಕಾಣೂದಿಲ್ಲ, ಕೈಗೆ ಗೊತ್ತಾಗೂದಿಲ್ಲೇನು?"

"ಏನರ ಒಂದು ಹೇಳು. ಬಣ್ಣ ಬಿಟ್ಟಿತು ಅನ್ನು."

"ಬಿಳೆದು ಏನ ಬಣ್ಣ ಬಿಡತೇತ್ರಿ?"

ಅವರು ಅಂಗಿ ತೊಟಗೊಂಡು ಹೊರಗ ಹೋದ್ರು. ಮನ್ಯಾಗ ತ್ರಾಸಿನ ಮಾತು ಬಂತಂದರ ಅವರಿಗೆ ಅಂಗಡಿ ಕೆಲಸ ನೆನಪಾಕೇತಿ.

ನಾ ಬಿಚ್ಚಾಕ ಕುಂತೆ. ಅಸ್ತರ ಕೊಟ್ಟು ಗಟ್ಟಿ ಹಚ್ಚಿದ ಪದಕ, ಸುಮ್ನ ಬರತಾವೇನು? ನಾಕ ದಿನ ಮಧ್ಯಾಹ್ನ ಅದ ಆತು. ಬಾಜು ಕುಂತ ಅತ್ತಿ ಜಪದ ನಡುವ, "ಕತ್ರಿ ಸಪ್ಪಳ ಯಾಕ?" ಅಂದ್ರು. "ದಾರ ಸಡ್ಲ ಆಗಿತ್ರಿ," ಅಂದೆ. ಅವರು ಕೈ ಚಾಚಿ ಬಟ್ಟಿ ಸವರಿದ್ರು. ಖಾಲಿ ಅಂಚಿನ ಮ್ಯಾಲ ಬೆರಳು ನಿಂತವು.

"ನೀ ಹಚ್ಚಿದ್ದು ಎಂದರ ಸಡ್ಲ ಆಗೇತೇನ ಪದ್ಮಾ?"

ನಾ ಒಳಗ ಹೋಗಿ ಅಕ್ಕಿ ಆರಿಸಿದೆ. ಅಕ್ಕ್ಯಾಗ ಒಂದು ಕಲ್ಲ ಇರಲಿಲ್ಲ, ಆದರೂ ಆರಿಸಿದೆ.

ಚತುರ್ದಶಿ ಉಪಾಸ ಬಂತು, ಮರುದಿನ ಪಾರಣಿ. ಅತ್ತಿ ಒಂದು ದಿನ ನೀರೂ ಇಲ್ಲದ ಕಳದು ಬೆಳ್ಳಗ ಬಿಳಿಚಿಕೊಂಡ ಕುಂತಿದ್ರು. ಇನ್ನ ಮುಚ್ಚಿಡಾಕ ನನ್ನ ಕಡಿಂದ ಆಗಂಗಿರಲಿಲ್ಲ. ಆದರ ಊಟಕ್ಕಿಂತ ಮೊದಲ ಹೇಳಿದರ ತಾಟ ಸರಿಸಿ ಏಳತಾರ. ಅದಕ ಬಾಳಿಕಾಯಿ ಪಲ್ಯಾ, ತುಪ್ಪ, ಅನ್ನ ಎಲ್ಲಾ ಬಡಿಸಿ, ಅವರು ಕೈ ತೊಳಿಯೂತನಕ ತಡದೆ. ನಮ್ಮವರು, ಬ್ರಾಹ್ಮಿ ಇನ್ನೂ ಉಣ್ಣಾಕ ಹತ್ತಿದ್ರು.

"ಅತ್ತ್ಯಾರ, ಆ ಬಿಳಿ ಕಮಲ ಚಿಪ್ಪಿನವು ಇದ್ದವ್ರಿ. ನಾ ಪ್ಲಾಸ್ಟಿಕ್ ಅಂದಕೊಂಡು ಹಚ್ಚಿದ್ದೆ," ಅಂದೆ.

ನಮ್ಮವರು ನನ್ನ ಕಡೆ ನುಂಗುವಂಗ ನೋಡಿದ್ರು. ಅತ್ತಿ ಸೆರಗಿಲೆ ಕೈ ವರಸಕೊಂಡ್ರು. ಎಷ್ಟೋ ಹೊತ್ತು ವರಸಕೊಂಡ್ರು.

"ಹಂಗಾರ ಮುರೀತು," ಅಂದ್ರು.

"ಅವ್ವಾ, ಡಾಕ್ಟರ್ ಏನ ಹೇಳ್ಯಾರ ನೆನಪೈತಿಲ್ಲ? ನೀ ಮತ್ತ ಉಪಾಸ ಹಿಡದಿ ಅಂದರ ನಾ ಸುಮ್ನಿರೂದಿಲ್ಲ!" ನಮ್ಮವರು ದನಿ ಏರಿಸಿದ್ರು.

"ನಾ ಎಲ್ಲಿ ಹಿಡೀಲೋ? ನನ್ನ ಕಡಿಂದ ಆಗೂದಿಲ್ಲ. ಯಾರ ಕೈಯಿಂದ ಮುರೀತೋ ಅವರು ಹಿಡೀಲಿ. ನಮ್ಮತ್ತಿದು ಅರ್ಧಕ್ಕ ನಿಂತಾಗ ನಾ ಹಿಡಿಯಲಿಲ್ಲೇನು? ಆಗ ನೀ ಇನ್ನೂ ತೊಟ್ಟಿಲದಾಗ ಇದ್ದಿ."

ನಮ್ಮವರ ಮಾರಿ ನಾ ನೋಡಿದೆ. ನೋಡಬಾರದಿತ್ತು. ಹೊರಿ ಇಳಿಸಿದಂಗ ಉಸರ ಬಿಟ್ರು ಆ ಮನಶ್ಯಾ. "ಹಂಗ ಆದರ ಆತಲ್ಲ. ಪದ್ಮಾ ಗಟ್ಟಿ ಅದಾಳ," ಅಂದ್ರು.

"ಮಮ್ಮಿ ನೌಕರಿ?" ಅಂದ್ಲು ಬ್ರಾಹ್ಮಿ.

"ಅದನ್ನ ಮುಂದ ನೋಡೂಣು. ಖಾನಾಪುರ ಎಲ್ಲಿ ಓಡಿ ಹೋಗತೇತಿ?"

ನನಗ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಇಷ್ಟ ವರ್ಷದ್ದು ಒಮ್ಮೆಲೆ ಬಂತು. ಗೋಡಿಗೆ ಆನಿಕೊಂಡು ಅಲ್ಲೇ ಕುಂತೆ. ಕುಂತ ಮ್ಯಾಲ ತಲಿ ತಿಳಿ ಆತು.

"ಆತ್ರಿ, ಹಿಡೀತೇನಿ," ಅಂದೆ. "ಆದರ ಒಂದು ಹೇಳ್ರಿ. ಅತ್ತ್ಯಾರ ನೋಂಪಿಗೆ ಬಾವಿ ನೀರು ನಾ ತಂದೆ. ನನ್ನ ನೋಂಪಿಗೆ ಯಾರ ತರತೀರಿ? ಉಪಾಸ ಇದ್ದಾಕಿ ಒಲಿ ಮುಂದ ನಿಂದರಬಾರದಂತ ಈ ಮನ್ಯಾಗ ಐದು ವರ್ಷ ಪಾಲಿಸೇವಿ. ಪಾರಣಿಗೆ ಹಿಟ್ಟು ಯಾರ ಬೀಸತೀರಿ? ಮಡಿ ಉಟಗೊಂಡು ನನಗ ಯಾರ ಬಡಸತೀರಿ?"

ಬ್ರಾಹ್ಮಿ ತಾಟಿನ್ಯಾಗ ಗೆರಿ ಎಳದ್ಲು. "ನನಗ ಮುಂಜಾನೆ ಪ್ರಾಕ್ಟಿಕಲ್ ಇರತಾವ ಮಮ್ಮಿ," ಅಂದ್ಲು ಸಣ್ಣ ದನೀಲೆ.

"ನನಗ ಯಾರ ಮಾಡಿದ್ರು?" ಅಂದ್ರು ಅತ್ತಿ. "ಉಪಾಸ ಮಾಡಿ ಹತ್ತ ಮಂದಿಗೆ ರೊಟ್ಟಿ ಬಡದೇನಿ ನಾ."

"ಅದಕ ಕೇಳತೇನ್ರಿ. ನಿಮಗ ಯಾರೂ ಮಾಡಲಿಲ್ಲ. ನಿಮಗ ನಾ ಮಾಡಿದೆ. ನನಗ ಯಾರು?"

ನಮ್ಮವರು ಕೈ ತೊಳಕೊಂಡ್ರು. ಅಂಗಡಿಗೆ ಹೋಗತಾರ ಅಂದಕೊಂಡೆ. ಇಲ್ಲ, ಛತ್ರಿ ತಗೊಂಡು ಬಸದಿ ಕಡೆ ಹೊಂಟ್ರು. ಅರ್ಧಾ ತಾಸಿನ್ಯಾಗ ತಿರುಗಿ ಬಂದ್ರು.

"ಪಂಡಿತರನ್ನ ಕೇಳಿ ಬಂದೆ," ಅಂದ್ರು ಚಪ್ಪಲಿ ಬಿಡಕೋತ. "ಅರಿಯದ ಆದದ್ದಕ್ಕ ನೋಂಪಿ ಮುರಿಯೂದಿಲ್ಲಂತ. ಆ ಹೊದಿಕಿ ಬಸದಿಗೆ ಕೊಡಬ್ಯಾಡ್ರಿ, ಒಂದು ವಾರ ಜಪಾ ಮಾಡ್ರಿ, ಉದ್ಯಾಪನಿ ಮುಗಸ್ರಿ ಅಂದ್ರು. ಯಾರೂ ಮತ್ತ ಹಿಡಿಯೂದ ಬ್ಯಾಡ."

ನೋಡ್ರಿ ಮತ್ತ! ಹ್ವಾದ ವರ್ಷ ತಾಯಿ ತಲಿ ತಿರುಗಿ ಬಿದ್ದಾಗ ಪಂಡಿತರ ಮನಿ ದಾರಿ ಗೊತ್ತಿರಲಿಲ್ಲ. ಐದು ವರ್ಷ ಕೊಡಾ ಹೊರೂದು ತಮ್ಮ ಹೆಗಲಿಗೆ ಬಂದೀತು ಅನಸೂದ ತಡ, ಕಾಲಿಗೆ ಚಪ್ಪಲಿ ಬಂದವು. ನಗು ಬರಬೇಕೋ ಹೊಟ್ಟಿ ಉರೀಬೇಕೋ ತಿಳೀಲಿಲ್ಲ ನನಗ.

ಅತ್ತಿ ಅಳಾಕ ಹತ್ತಿದ್ರು. ಅವರು ಅತ್ತದ್ದನ್ನ ಮಾವ ತೀರಿಕೊಂಡಾಗಷ್ಟ ನೋಡಿದ್ದೆ.

"ಯಾಕವ್ವಾ, ಚಲೋ ಆತಲ್ಲ?" ಅಂದ್ರು ನಮ್ಮವರು.

"ಇಷ್ಟ ಇತ್ತೇನೋ?" ಅಂದ್ರು ಅತ್ತಿ. "ಹೋಗಿ ಕೇಳಿದರ ಇಷ್ಟ ಇತ್ತೇನು? ನಮ್ಮತ್ತಿ ನೋಂಪಿ ನಾ ಹಿಡದಾಗ ಎಳೀ ಬಾಣಂತಿ ಇದ್ದೆನೋ. ಉಪಾಸಕ್ಕ ಎದ್ಯಾಗ ಹಾಲು ಬತ್ತಿತು. ನಿಮ್ಮಪ್ಪ ಇದ್ದ, ಬಸದಿನೂ ಅಲ್ಲೇ ಇತ್ತು. ಒಬ್ಬರರ ಹೋಗಿ ಕೇಳಿ ಬರಲಿಲ್ಲ ನನಗಾಗಿ."

ನಮ್ಮವರು ಕಂಬ ಹಿಡಕೊಂಡು ನಿಂತ್ರು. ನಾ ಎದ್ದು ಹೋಗಿ ಅತ್ತಿ ಬಾಜು ಕುಂತೆ. ಅವರ ಕೈ ಹಿಡದೆ, ಅವರು ಬಿಡಿಸಿಕೊಳ್ಳಲಿಲ್ಲ.

ಉದ್ಯಾಪನಿ ಕಾರ್ತಿಕದ ಎಂಟು ದಿನದ ಅಷ್ಟಾಹ್ನಿಕ ಹಬ್ಬದಾಗ ಆತು. ಹೊದಿಕಿ ಬದಲಿ ಒಂದು ಬಿಳಿ ಬಟ್ಟಿ ಕೊಟ್ವಿ, ಮ್ಯಾಲ ಒಂದು ಹೂ ಇಲ್ಲ, ಎಳಿ ಇಲ್ಲ. ಬಸದ್ಯಾಗ ಬಂದ ಹೆಂಗಸರು, "ಪದ್ಮಕ್ಕ ಇಷ್ಟ ಕಸೂತಿ ಹಾಕತಾಳ, ಅತ್ತಿ ಉದ್ಯಾಪನಿಗೆ ಬೋಳ ಬಟ್ಟಿ ಕೊಟ್ಟಾಳ ನೋಡ್ರಿ," ಅಂತ ಗುಸುಗುಸು ಅಂದ್ರು. ಅತ್ತಿ ಕೇಳಿಸಿಕೊಂಡರೂ ನನ್ನ ತಪ್ಪು ಯಾರ ಮುಂದೂ ಹೇಳಲಿಲ್ಲ.

ಡಿಸೆಂಬರದಾಗ ಮೊದಲ ದಿನ ಕೆಲಸಕ್ಕ ಹೊಂಟೆ. ಮುಂಜಾನೆ ಎದ್ದು ಮಧ್ಯಾಹ್ನದ್ದು ಮಾಡಿಟ್ಟೆ. ಸಂಜಿಗಂತ ಪಲ್ಯಾ ಮಾಡಿ ಮುಚ್ಚಿಟ್ಟೆ, ಗೋದಿ ಹಿಟ್ಟು ಅಳತಿ ಮಾಡಿ ಪರಾತದಾಗ ತಗದಿಟ್ಟೆ. "ನಾ ಬರೂದು ತಡ ಆದರ ಕಲಸಿ ನಾಕ ಚಪಾತಿ ಲಟ್ಟಿಸಿ ಬೇಯಿಸಿಕೊಂಡು ಉಣ್ರಿ. ಹೊತ್ತು ಲಗೂ ಮುಳಗತೇತಿ ಈಗ," ಅಂತ ಎಲ್ಲಾರಿಗೂ ಹೇಳಿದೆ. ಹ್ಞೂಂ, ಹ್ಞೂಂ ಅಂದ್ರು.

ಖಾನಾಪುರದಾಗ ಹುಡಿಗ್ಯಾರು ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡಕೋತ ಸುತ್ತ ಕುಂತ್ರು. ಸೂಜಿ ಹೆಂಗ ಹಿಡೀಬೇಕು, ಅಸ್ತರ ಯಾಕ ಕೊಡಬೇಕು ಅಂತ ತೋರಿಸಿದೆ. ಪದಕ ತರೂಮುಂದ ಅಂಗಡ್ಯಾಗ ಯಾವುದರಿಂದ ಮಾಡ್ಯಾರ ಅಂತ ಬಾಯಿ ಬಿಟ್ಟು ಕೇಳ್ರಿ ಅಂತ ಅದನ್ನೂ ಹೇಳಿದೆ. ಯಾಕ್ರಿ ಅಕ್ಕಾರ ಅಂತ ಒಬ್ಬಾಕಿ ಕೇಳಿದ್ಲು. ದೊಡ್ಡ ಕಥಿ ಐತಿ, ಮೊದಲ ಗಂಟ ಹಾಕು ಅಂದೆ. ದಿನಾಪೂರ್ತಿ ನಿಂತ ಕಲಿಸಿ ಕಾಲು ಬಿದ್ದ ಹೋದವು. ಬಸ್ ಬರೂದು ತಡ ಐತಿ ಅಂದ್ರು. ಹೊತ್ತು ಇನ್ನೂ ಇತ್ತು. ಡಬ್ಬ್ಯಾಗ ಉಳದ ಚಪಾತಿ, ಚಟ್ನಿ ಅಲ್ಲೇ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತ ಉಂಡು, ನೀರು ಕುಡದೆ.

ಖಾಸಬಾಗದಾಗ ಇಳದಾಗ ಬೀದಿ ದೀಪ ಹತ್ತಿದ್ದವು. ಮನ್ಯಾಗ ಮೂರೂ ಮಂದಿ ಪಡಸಾಲ್ಯಾಗ ಸಾಲ ಹಿಡದು ಕುಂತಿದ್ರು. ಟಿ.ವಿ. ಹಚ್ಚಿರಲಿಲ್ಲ. ಒಳಗ ಹೋಗಿ ನೋಡಿದೆ. ಹಿಟ್ಟು ನಾ ಇಟ್ಟ ಪರಾತದಾಗ ಇಟ್ಟಂಗ ಇತ್ತು. ಪಲ್ಯಾದ ಮುಚ್ಚಳ ಸೈತ ತಗದಿರಲಿಲ್ಲ.

"ಈಗ ಬಂದಾಳು, ಈಗ ಬಂದಾಳು ಅಂತ ಕುಂತ್ವಿ," ಅಂದ್ರು ನಮ್ಮವರು. "ಹೊತ್ತು ಮುಳಗೇ ಬಿಡ್ತು."

"ನಾ ಪಪ್ಪಾ ಮಾಡತಾರ ಅಂದಕೊಂಡಿದ್ದೆ," ಅಂದ್ಲು ಬ್ರಾಹ್ಮಿ.

ಇನ್ನ ನಾಳೆ ಹೊತ್ತು ಹುಟ್ಟೂತನಕ ನೀರೂ ಇಲ್ಲ ಮೂವರಿಗೂ. ಯಾವ ತಿಥಿನೂ ಅಲ್ಲ, ಯಾವ ನೋಂಪಿನೂ ಅಲ್ಲ, ಬರೇ ಲಟ್ಟಣಗಿ ಹಿಡಿಯಾಕ ಆಗದ ಹಿಡದ ಉಪಾಸ.

ಅತ್ತಿ ಮಾತ್ರ ಕತ್ತೆತ್ತಿ ನನ್ನ ಸಪ್ಪಳ ಬಂದ ಕಡೆ ನೋಡಿದ್ರು. "ನೀ ಉಂಡಿಯೇನ ಪದ್ಮಾ?"

"ಉಂಡೇನ್ರಿ," ಅಂದೆ.

ಮೂವರೂ ಹಸದ ಕುಂತಾರ ಅಂತ ಕೆಟ್ಟ ಅನಸ್ತು, ಅದೂ ಖರೇ. ಆದರ ನನ್ನ ಹೊಟ್ಟಿ ತುಂಬಿತ್ತು, ಕಾಲು ಸೋತಿದ್ದವು, ನಾಳೆ ಮತ್ತ ಮುಂಜಾನೆ ಬಸ್ಸಿತ್ತು. ಹಾಸಿಗಿ ಬಿಚ್ಚಿ ಮಲಗಿದೆ.